ಫೀಲ್ಡಿಗೆ ಹೋದರೆ ಸಾಲದು, ವಾಪಸ್ ಕ್ಲಾಸಿಗೂ ಬರಬೇಕು

ಕೆನಡಾದ ಒಂಟಾರಿಯೊಗೆ ಬಂದಮೇಲೆ ನನಗೆ ಹೊಟ್ಟೆಕಿಚ್ಚಾಗಿದ್ದು ಇಲ್ಲಿನ ಲ್ಯಾಬ್ ನೋಡಿ ಅಲ್ಲ, ಇಲ್ಲಿನ ಕ್ಯಾಲೆಂಡರ್ ನೋಡಿ. ವಾಟರ್‌ಲೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಹುಡುಗರು ನಾಲ್ಕು ತಿಂಗಳು ಓದುತ್ತಾರೆ, ನಾಲ್ಕು ತಿಂಗಳು ಕೆಲಸಕ್ಕೆ ಹೋಗುತ್ತಾರೆ, ಮತ್ತೆ ಓದಿಗೆ ಬರುತ್ತಾರೆ. ಸಂಬಳವೂ ಉಂಟು. 1957ರಲ್ಲಿ ಅಲ್ಲಿ ಪಾಠ ಶುರುವಾದಾಗಲೇ ಈ ಕೋ-ಆಪ್ ಪದ್ಧತಿ ಇತ್ತು. ಡಿಗ್ರಿಗೆ ಹತ್ತಿರ ಹತ್ತಿರ ಐದು ವರ್ಷ ಬೇಕು. ಪದೇಪದೇ ಮನೆ ಬದಲಿಸಬೇಕು, ಪ್ರತಿ ಸಲ ಹೊಸ ಇಂಟರ್‌ವ್ಯೂ. ಸುಖವೇನಲ್ಲ.

ನಮ್ಮ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಕಾಲ ನಡೆದದ್ದು ನಾಲ್ಕು ವಾರದ ಇಂಟರ್ನ್‌ಶಿಪ್. ಅಷ್ಟು ದಿನಕ್ಕೆ ಬಂದವನಿಗೆ ಯಾವ ಸೂಪರ್‌ವೈಸರ್ ಕೆಲಸ ಒಪ್ಪಿಸುತ್ತಾನೆ? ಕಲಿಸುವಷ್ಟರಲ್ಲಿ ಹುಡುಗ ಹೊರಟಿರುತ್ತಾನೆ. ಸುಮ್ನೆ ಹಳೆ ಫೈಲು ಕೊಟ್ಟು ಕೂರಿಸುತ್ತಾರೆ. ಈಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೊನೆಯ ವರ್ಷದಲ್ಲಿ ಜಾಸ್ತಿ ಸಮಯ ಕೊಟ್ಟಿದೆ, ಒಳ್ಳೇದೇ. ಆದರೆ ಕೆಲಸದ ಜಾಗದಲ್ಲಿ ಹುಟ್ಟಿದ ಪ್ರಶ್ನೆ ಹೊತ್ತು ವಾಪಸ್ ಬರೋಣ ಅಂದರೆ ಕ್ಲಾಸೇ ಮುಗಿದಿರುತ್ತದಲ್ವಾ?

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂದರೆ ಅನ್ಯಾಯ. ಸಿವಿಲ್‌ನವರ ಸರ್ವೆ ಕ್ಯಾಂಪ್ ತಗೊಳ್ಳಿ. ಹೊಸ ಕೆರೆ, ಹಳೆ ಕೆರೆ, ರಸ್ತೆ, ನೀರು ಸರಬರಾಜು ಅಂತ ನೆಲದ ಏರಿಳಿತ ಅಳೆಯುವ ಲೆವೆಲ್ ಅನ್ನೋ ದುರ್ಬೀನು ಹೊತ್ತು ಬಿಸಿಲಲ್ಲಿ ತಿರುಗಬೇಕು. ಅಳತೆ ಬರೆದ ಪುಸ್ತಕದಲ್ಲಿ ಬ್ಯಾಕ್‌ಸೈಟ್‌ಗಳ (ಎತ್ತರ ಗೊತ್ತಿರುವ ಹಿಂದಿನ ಜಾಗದ ರೀಡಿಂಗ್) ಮೊತ್ತದಿಂದ ಫೋರ್‌ಸೈಟ್‌ಗಳ (ಮುಂದಿನ ಜಾಗದ ರೀಡಿಂಗ್) ಮೊತ್ತ ಕಳೆದು, ಮೊದಲ ಮತ್ತು ಕೊನೆಯ ಜಾಗದ ಎತ್ತರದ ವ್ಯತ್ಯಾಸದ ಜೊತೆ ತಾಳೆ ನೋಡಿದರೆ ಮುಗಿಯಿತು, ಮಾರ್ಕ್ಸ್ ಬಂತು. ಆ ತಾಳೆ ಹಿಡಿಯೋದು ಕೂಡಿ ಕಳೆದ ತಪ್ಪನ್ನಷ್ಟೇ. ಸ್ಟಾಫ್ (ಅಳತೆಯ ಗುರುತಿರುವ ಉದ್ದನೆ ಕೋಲು) ಹಿಡಿದವನು ಅದನ್ನು ಸ್ವಲ್ಪ ವಾಲಿಸಿದ್ದರೆ ರೀಡಿಂಗ್ ಜಾಸ್ತಿ ಬಂದಿರುತ್ತದೆ, ಲೆಕ್ಕ ಮಾತ್ರ ಚೆಂದವಾಗಿ ಕೂತಿರುತ್ತದೆ! ಹೊರಟ ಬೆಂಚ್‌ಮಾರ್ಕ್‌ಗೇ (ಎತ್ತರ ಮೊದಲೇ ಗೊತ್ತಿರುವ ಗುರುತು) ವಾಪಸ್ ಬಂದು ನೋಡಿದಾಗ ಗುಟ್ಟು ರಟ್ಟು. ಅದಕ್ಕೇ ಸ್ಟಾಫನ್ನು ಹಿಂದೆ ಮುಂದೆ ತೂಗಿಸಿ ಎಲ್ಲಕ್ಕಿಂತ ಕಡಿಮೆ ರೀಡಿಂಗ್ ಬರೆದುಕೊಳ್ಳೋದು. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗಲ್ಲ. ಸಂಜೆ ಅದೇ ದಾರಿ ಮತ್ತೆ ತುಳಿದವನು ಮರೆಯಲ್ಲ.

ಉಳಿದ ಬ್ರಾಂಚಿನವರಿಗೆ ಏನಿದೆ? ಇಂಡಸ್ಟ್ರಿಯಲ್ ವಿಸಿಟ್. ಬಸ್ಸು, ಹೆಲ್ಮೆಟ್, ಗ್ರೂಪ್ ಫೋಟೋ.

ನಮ್ಮಷ್ಟು ಕಾಲೇಜುಗಳಿಗೆ ಕೋ-ಆಪ್ ಒದಗಿಸುವಷ್ಟು ಕಂಪನಿಗಳು ಸಿಗೋದು ಕಷ್ಟ. ಸರ್ವೆ ಕ್ಯಾಂಪಿನ ಗುಣವನ್ನಾದರೂ ಎರಡನೇ ವರ್ಷಕ್ಕೇ ತರಬಹುದು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹುಡುಗರಿಗೆ ಕಾಲೇಜಿನ ನೀರಿನ ಪಂಪನ್ನೇ ಒಪ್ಪಿಸಿ. ಟ್ಯಾಂಕಿನಲ್ಲಿ ನೀರು ಎಷ್ಟು ಹೊತ್ತಿಗೆ ಎಷ್ಟು ಏರಿತು, ಎಷ್ಟು ಎತ್ತರಕ್ಕೆ ಹೋಯಿತು, ಕರೆಂಟ್ ಮೀಟರ್ ಎಷ್ಟು ಓಡಿತು ಅಂತ ಅವರೇ ಅಳೆಯಲಿ. ಇನ್ನೊಂದು ತಂಡ ಅದನ್ನೇ ಮತ್ತೆ ಅಳೆಯಲಿ. ಎರಡೂ ಹೊಂದುವ ತನಕ ಮೇಷ್ಟ್ರು ಸಹಿ ಹಾಕೋದು ಬೇಡ. ಲೆಕ್ಕ ಹಾಕಿದ ದಕ್ಷತೆ (ಉಂಡ ಕರೆಂಟಿನಲ್ಲಿ ನೀರೆತ್ತಲು ಬಳಕೆಯಾದ ಪಾಲು) ಪಂಪ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬಂದರೆ, ಯಾಕೆ ಅಂತ ಮುಂದಿನ ಸೆಮಿಸ್ಟರ್‌ನ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಕೇಳಲಿ.