ಬಾಗಿಲ ಹಿಂದಿನ ಒಂಬತ್ತು ಚೀಲಗಳು

ಕಳೆದ ವರ್ಷ ಒಂದು ಬೆಳಿಗ್ಗೆ ನಮ್ಮ ಬಾಗಿಲ ಹಿಂದಿನ ಮೊಳೆ ಭಾರ ತಾಳಲಾರದೆ ಕಿತ್ತು ಬಂತು. ಅದರ ಜೊತೆ ನೆಲಕ್ಕೆ ಬಿದ್ದದ್ದು ಬಟ್ಟೆ ಚೀಲಗಳ ಗೊಂಚಲು. ಎಣಿಸಿದೆ, ಒಂಬತ್ತು ಇದ್ದವು. ಕೆಲವು ಯಾರೋ ಉಡುಗೊರೆಯಾಗಿ ಕೊಟ್ಟದ್ದು, ಕೆಲವು ಚೀಲ ಮರೆತು ಹೊರಟ ದಿನ ಅಲ್ಲೇ ಕೊಂಡದ್ದು. ಮೂರರ ಮೇಲೆ ಹಸಿರು ಎಲೆಯ ಚಿತ್ರ. ನಾಲ್ಕರ ಮಡಿಕೆಯನ್ನು ನಾನು ಒಮ್ಮೆಯೂ ಬಿಚ್ಚಿರಲಿಲ್ಲ. ಪ್ಲಾಸ್ಟಿಕ್ ಬೇಡವೆಂಬ ಒಳ್ಳೆಯ ಮನಸ್ಸಿನಿಂದಲೇ ಅಷ್ಟನ್ನೂ ಕೂಡಿ ಹಾಕಿದ್ದೆ. ಅಂದು ಅವುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಾಗ ಏನೋ ತಪ್ಪಿದೆ ಅನ್ನಿಸಿತು. ಆ ತಪ್ಪನ್ನು ಹುಡುಕುತ್ತಾ ಹೋದಾಗ ಸಿಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕು.

ಮೊದಲು ಪ್ಲಾಸ್ಟಿಕ್ ಚೀಲದ್ದೇ ಕತೆ. ಎರಡು ಹಿಡಿಕೆಗಳಿರುವ ತೆಳು ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ತುಲಿನ್. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿಯ ಆ ಚೀಲಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ, ಹಗುರವೂ ಗಟ್ಟಿಯೂ ಆದ ಈ ಚೀಲವನ್ನು ಜನ ಮತ್ತೆ ಮತ್ತೆ ಬಳಸಲಿ ಎಂಬುದು ತಂದೆಯ ಆಸೆಯಾಗಿತ್ತೆಂದು ಅವರ ಮಗ ಹೇಳಿಕೊಂಡಿದ್ದಾರೆ. ತುಲಿನ್ ಯಾವಾಗಲೂ ಒಂದು ಚೀಲವನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರಂತೆ. ಒಮ್ಮೆ ಬಳಸಿ ಬಿಸಾಡುವ ವಸ್ತುಗಳ ಪಟ್ಟಿ ಮಾಡಿದರೆ ನಮಗೆ ಮೊದಲು ನೆನಪಾಗುವ ವಸ್ತುವೇ ಮರುಬಳಕೆಗೆಂದು ಹುಟ್ಟಿದ್ದು! ಇದನ್ನು ಓದಿದ ದಿನ ನನಗೆ ಆ ಮನುಷ್ಯನ ಬಗ್ಗೆ ನಿಜಕ್ಕೂ ಸಂಕಟವಾಯಿತು.

ಆಮೇಲೆ ಬಟ್ಟೆ ಚೀಲದ ಲೆಕ್ಕ ನೋಡಿದೆ. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು, ನೂಲಲು, ನೇಯಲು, ಸಾಗಿಸಲು ಇಂಧನ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ವಾತಾವರಣಕ್ಕೆ ಹಗುರವಾಗಬೇಕಾದರೆ ಹತ್ತಿಯ ಚೀಲವನ್ನು 131 ಬಾರಿ ಬಳಸಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆಯ 2018ರ ಅಧ್ಯಯನ ಬೇರೆ ಬಗೆಯ ಪ್ಲಾಸ್ಟಿಕ್ ಚೀಲದೊಡನೆ ಹೋಲಿಸಿ ನೋಡಿತು. ಹವಾಮಾನವೊಂದನ್ನೇ ಗಣಿಸಿದರೆ ಅಲ್ಲಿ ಸಾಮಾನ್ಯ ಹತ್ತಿ ಚೀಲಕ್ಕೆ 52 ಬಾರಿಯ ಬಳಕೆ ಸಾಕು. ನೀರು, ಓಜೋನ್ ಪದರ ಮುಂತಾದ ಎಲ್ಲ ಪರಿಣಾಮಗಳನ್ನೂ ಸೇರಿಸಿದರೆ ಆ ಅಂಕಿ 7100ಕ್ಕೆ ಏರುತ್ತದೆ. ಸಾವಯವ ಹತ್ತಿಯಾದರೆ 20,000. ದಿನವೂ ತಪ್ಪದೆ ಬಳಸಿದರೂ ಸುಮಾರು ಐವತ್ತೈದು ವರ್ಷ ಹಿಡಿಯುತ್ತದೆ.

ಈ ಅಂಕಿಗಳನ್ನು ಹಿಡಿದು ‘ಹಾಗಾದರೆ ಪ್ಲಾಸ್ಟಿಕ್ಕೇ ಒಳ್ಳೆಯದು’ ಎಂದು ವಾದಿಸುವವರನ್ನು ಕಂಡಿದ್ದೇನೆ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ಚೀಲ ಕಸವಾಗಿ ಹಾರಿ ಚರಂಡಿಗೆ, ಹೊಳೆಗೆ, ಕಡಲಿಗೆ ಸೇರಿದ ಮೇಲೆ ಆಗುವ ಹಾನಿಯನ್ನು ಡೆನ್ಮಾರ್ಕಿನ ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇಷ್ಟು ದಿನ ನಾನು ವಸ್ತು ಯಾವುದರಿಂದ ಮಾಡಿದ್ದು ಎಂದಷ್ಟೇ ಕೇಳುತ್ತಿದ್ದೆ, ಎಷ್ಟು ಬಾರಿ ಬಳಕೆಯಾಯಿತು ಎಂದು ಕೇಳಿರಲೇ ಇಲ್ಲ. ನನ್ನ ಒಂಬತ್ತು ಚೀಲಗಳಿಗೆ ತಲಾ 131ರಂತೆ ಹಿಡಿದರೆ 1179 ಬಾರಿ ಆಗುತ್ತದೆ. ಎರಡು ದಿನಕ್ಕೊಮ್ಮೆ ಒಂದೊಂದು ಚೀಲ ಹಿಡಿದು ಹೊರಟರೂ ಆರು ವರ್ಷ ದಾಟಬೇಕು. ಹತ್ತನೆಯ ಚೀಲ ಎಷ್ಟೇ ಹಸಿರಾಗಿದ್ದರೂ ನನಗೆ ಬೇಡ.

‘ಎಷ್ಟು ಬಾರಿ’ ಎಂಬ ಈ ಪ್ರಶ್ನೆ ಒಮ್ಮೆ ತಲೆಯೊಳಗೆ ಹೊಕ್ಕ ಮೇಲೆ ಎಲ್ಲೆಡೆ ಅದೇ ಕಾಣತೊಡಗಿತು.

ಜಪಾನಿನ ಶಿಕೋಕು ದ್ವೀಪದ ಬೆಟ್ಟಗಳ ನಡುವೆ ಕಮಿಕಾಟ್ಸು ಎಂಬ ಪುಟ್ಟ ಊರಿದೆ. ಜನಸಂಖ್ಯೆ ಒಂದೂವರೆ ಸಾವಿರಕ್ಕೂ ಕಡಿಮೆ, ಅದರಲ್ಲೂ ವಯಸ್ಸಾದವರೇ ಹೆಚ್ಚು. ಒಂದು ಕಾಲದಲ್ಲಿ ಕಸವನ್ನು ಬಯಲಿನಲ್ಲಿ ಸುಡುತ್ತಿದ್ದ ಊರದು. 2003ರಲ್ಲಿ ಜಪಾನಿನಲ್ಲೇ ಮೊದಲ ಬಾರಿಗೆ ‘ಶೂನ್ಯ ಕಸ’ದ ಘೋಷಣೆ ಮಾಡಿತು. ಅಲ್ಲಿ ಕಸದ ಲಾರಿ ಮನೆ ಬಾಗಿಲಿಗೆ ಬರುವುದಿಲ್ಲ. ಜನರೇ ತಮ್ಮ ಕಸವನ್ನು ತೊಳೆದು, ಒಣಗಿಸಿ, ಒಂದು ಕೇಂದ್ರಕ್ಕೆ ತಂದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಪಕ್ಕದಲ್ಲೇ ಒಂದು ಕೋಣೆಯಿದೆ. ನಮಗೆ ಬೇಡವಾದ, ಆದರೆ ಇನ್ನೂ ಬಾಳಿಕೆಯಿರುವ ವಸ್ತುವನ್ನು ಅಲ್ಲಿ ಇಟ್ಟು ಬರಬಹುದು, ಬೇಕಾದವರು ಹಣ ಕೊಡದೆ ಒಯ್ಯಬಹುದು. ಅಲ್ಲಿನ ಹೊಸ ಕಟ್ಟಡ 2020ರಲ್ಲಿ ತೆರೆಯಿತು. ಊರವರು ಕೊಟ್ಟ ಸುಮಾರು ಏಳುನೂರು ಹಳೆಯ ಕಿಟಕಿಗಳನ್ನು ಜೋಡಿಸಿ ಅದರ ಮುಂಭಾಗ ಕಟ್ಟಿದ್ದಾರೆ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಮೇಲಿನಿಂದ ನೋಡಿದರೆ ಇಡೀ ಕಟ್ಟಡ ಪ್ರಶ್ನಾರ್ಥಕ ಚಿಹ್ನೆಯಂತೆ ಕಾಣುತ್ತದೆ: ಇದನ್ನು ಏಕೆ ಕೊಂಡೆ, ಏಕೆ ಎಸೆಯುತ್ತಿದ್ದೀಯೆ? ಕಸದ ಕೇಂದ್ರವನ್ನು ಪ್ರಶ್ನೆಯ ಆಕಾರದಲ್ಲಿ ಕಟ್ಟಬೇಕೆಂದು ಹೊಳೆದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇಷ್ಟೆಲ್ಲ ಶ್ರಮಪಟ್ಟ ಆ ಊರು ಮರುಬಳಕೆಗೆ ಕಳಿಸಲು ಸಾಧ್ಯವಾದದ್ದು ತನ್ನ ಕಸದಲ್ಲಿ ಶೇಕಡ ಎಂಬತ್ತರ ಆಸುಪಾಸನ್ನು. 2020ರ ಹೊತ್ತಿಗೆ ಶೂನ್ಯ ತಲುಪುವ ಗುರಿ ಈಡೇರಲಿಲ್ಲ. ಡಯಾಪರ್‌ಗಳು, ಹಲವು ಪದಾರ್ಥಗಳನ್ನು ಬೇರ್ಪಡಿಸಲಾಗದಂತೆ ಬೆಸೆದು ಮಾಡಿದ ಸಾಮಾನುಗಳು ಉಳಿದೇ ಉಳಿಯುತ್ತವೆ. ಅಷ್ಟೊಂದು ಬುಟ್ಟಿಗಳ ಮುಂದೆ ನಿಂತ ಮುದುಕಿಯ ತಪ್ಪೇನೂ ಇದರಲ್ಲಿ ಇಲ್ಲ. ಆ ವಸ್ತುವನ್ನು ರೂಪಿಸಿದವರು ಅದರ ಕೊನೆಯ ದಿನವನ್ನು ಯೋಚಿಸಿರಲಿಲ್ಲ. ಸಾಮಾನ್ಯ ಜನರಿಗೆ ಮಾತ್ರ ಪರಿಸರದ ಪಾಠ ಹೇಳುವವರು ಈ ಉಳಿದ ಶೇಕಡ ಇಪ್ಪತ್ತರ ಬಗ್ಗೆ ಮಾತಾಡಬೇಕೆಂಬುದು ನನ್ನ ಒತ್ತಾಯ. ತಯಾರಕರು ಬೇಕೆಂದೇ ವಸ್ತುವಿನ ಆಯುಸ್ಸನ್ನು ಮೊಟಕು ಮಾಡಿದ್ದೂ ಉಂಟು. 1924ರ ಕೊನೆಯಲ್ಲಿ ಜಿನೀವಾದಲ್ಲಿ ಸೇರಿದ ದೊಡ್ಡ ಬಲ್ಬ್ ತಯಾರಕರು ಫೀಬಸ್ ಎಂಬ ಕೂಟ ಕಟ್ಟಿಕೊಂಡರು. ಅದರ ಒಪ್ಪಂದದಂತೆ ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ನಿಗದಿ ಮಾಡಿ, ಹೆಚ್ಚು ಬಾಳುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ ಹಾಕಲಾಗುತ್ತಿತ್ತು. ನೂರು ವರ್ಷದ ಹಿಂದಿನ ಮಾತಿದು, ಆದರೂ ಓದಿದಾಗ ಸಿಟ್ಟು ಬರುತ್ತದೆ.

ಈ ಸಿಟ್ಟಿಗೆ ಮದ್ದಾಗಿ ಸಿಕ್ಕಿದ್ದು ರಿಪೇರಿ ಕೆಫೆ. ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲನೆಯದನ್ನು ನಡೆಸಿದರು. ಈಗ ಲೋಕದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಇವೆ. ಕೆಟ್ಟ ವಸ್ತುವನ್ನು ಹಿಡಿದು ಹೋದರೆ ಕೆಲಸ ಬಲ್ಲ ಸ್ವಯಂಸೇವಕರು ಪುಕ್ಕಟೆ ನೆರವು ನೀಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಅಲ್ಲಿನ ಒಂದು ಪದ್ಧತಿ: ವಸ್ತುವನ್ನು ಅವರ ಕೈಗೆ ಕೊಟ್ಟು ಹೊರಟು ಬರುವಂತಿಲ್ಲ, ಪಕ್ಕದಲ್ಲೇ ಕುಳಿತು ಜೊತೆಗೂಡಿ ಬಿಚ್ಚಬೇಕು.

ಇದನ್ನು ಓದಿದ ಕೆಲವೇ ದಿನಗಳಲ್ಲಿ ನಮ್ಮ ಟೇಬಲ್ ಫ್ಯಾನ್ ನಿಂತಿತು. ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕಡ್ಡಿಯಿಂದ ರೆಕ್ಕೆ ತಳ್ಳಿದರೆ ನಿಧಾನವಾಗಿ ಸುತ್ತುತ್ತಿತ್ತು. ಹಿಂದಿನ ನಾನಾಗಿದ್ದರೆ ಹೊಸದನ್ನು ತರುತ್ತಿದ್ದೆ. ಈ ಬಾರಿ ವಿದ್ಯುತ್ ಕೆಲಸ ಬಲ್ಲ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ‘ಮೋಟಾರ್ ಬದುಕಿದೆ, ಕೆಪ್ಯಾಸಿಟರ್ ಸತ್ತಿದೆ. ಪ್ಲಗ್ ಕಿತ್ತಿಡು, ನಾನು ಬರುವವರೆಗೆ ಏನನ್ನೂ ಮುಟ್ಟಬೇಡ’ ಎಂದರು. ಸಂಜೆ ಬಂದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಎರಡು ತಂತಿಗಳ ಒಂದು ಡಬ್ಬಿ. ಮೋಟಾರ್ ಹೊರಡಲು ಬೇಕಾದ ಮೊದಲ ತಳ್ಳು ಸಿಗುವುದು ಅದರ ನೆರವಿನಿಂದ. ಅದು ಸೋತರೆ ಸುರುಳಿ, ರೆಕ್ಕೆ, ಬೇರಿಂಗ್ ಎಲ್ಲ ಸರಿಯಿದ್ದರೂ ಫ್ಯಾನ್ ಹೊರಡುವುದಿಲ್ಲ. ಅದೇ ಅಳತೆಯದೊಂದನ್ನು ಹಾಕಿದರು, ಗಾಳಿ ಬೀಸಿತು. ಇಷ್ಟು ಚಿಕ್ಕದೊಂದು ಕೆಟ್ಟದ್ದಕ್ಕೆ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ಕಿನ ಒಂದು ಇಡೀ ಯಂತ್ರವನ್ನು ಗುಜರಿಗೆ ಕಳಿಸಲಿದ್ದೆ. ಆ ಫ್ಯಾನಿನ ಒಳಗೆ ಏನಿದೆ ಎಂದು ಈಗ ನನಗೆ ಗೊತ್ತು, ಹಾಗಾಗಿ ಅದರ ಮೇಲೆ ಹೊಸ ಅಕ್ಕರೆಯೂ ಹುಟ್ಟಿದೆ.

ಎಲ್ಲ ವಸ್ತುಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ ಎಂಬುದೂ ನಿಜ. ಅಂಟು ಹಾಕಿ ಮುಚ್ಚಿದ ಮೊಬೈಲ್, ಬಿಡಿಭಾಗವೇ ಸಿಗದ ಯಂತ್ರಗಳ ಮುಂದೆ ಎಂಥ ಕುಶಲಿಯೂ ಕೈ ಚೆಲ್ಲಬೇಕಾಗುತ್ತದೆ. ಫ್ರಾನ್ಸ್ 2021ರ ಜನವರಿಯಿಂದ ಸ್ಮಾರ್ಟ್‌ಫೋನ್, ಲ್ಯಾಪ್‌ಟಾಪ್, ಟಿ.ವಿ., ಬಟ್ಟೆ ಒಗೆಯುವ ಯಂತ್ರಗಳಂಥ ವಸ್ತುಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ‘ದುರಸ್ತಿ ಅಂಕ’ ನಮೂದಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದೆಲ್ಲ ಅದರೊಳಗೆ ಸೇರುತ್ತದೆ. ಕೊಳ್ಳುವ ಮುನ್ನ ಈ ಅಂಕ ಕಣ್ಣಿಗೆ ಬೀಳುವ ವ್ಯವಸ್ಥೆ ಎಲ್ಲ ದೇಶಗಳಲ್ಲೂ ಬರಬೇಕು.

ಇನ್ನು ಒಮ್ಮೆಯೂ ಬಳಕೆಯಾಗದೆ ಹೋಗುವ ವಸ್ತು ಯಾವುದು? ಕೊಳೆತ ತರಕಾರಿ. ಬೆಳೆದು, ಸಾಗಿಸಿ, ಕೊಂಡು ತಂದು, ಕೊನೆಗೆ ಕಸಕ್ಕೆ. ಇಲ್ಲಿ ನೆನಪಾಗುವವರು ನೈಜೀರಿಯಾದ ಅಧ್ಯಾಪಕ ಮೊಹಮ್ಮದ್ ಬಾಹ್ ಅಬ್ಬಾ. ಮಡಕೆ ಮಾಡುವ ಮನೆತನದವರು. ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದರು. ಹೊರಮಡಕೆಯ ರಂಧ್ರಗಳಿಂದ ನೀರು ಆವಿಯಾಗುತ್ತಾ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಮೂರು ದಿನಕ್ಕೆ ಬಾಡುತ್ತಿದ್ದ ಬದನೆ 27 ದಿನ ಉಳಿಯಿತು. ಬಾಡುವ ಮುನ್ನ ಮಾರಲೆಂದು ದಿನವೂ ಓಡಬೇಕಿದ್ದ ಹೆಣ್ಣುಮಕ್ಕಳಿಗೆ ಶಾಲೆಗೆ ಹೋಗಲು ಬಿಡುವು ಸಿಕ್ಕಿತು. ಗಾಳಿ ಒಣದಾಗಿರುವಲ್ಲಿ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ. ತೇವ ತುಂಬಿದ ಗಾಳಿಯಲ್ಲಿ ನೀರು ಆವಿಯಾಗಲು ಒಲ್ಲದು, ಮಡಕೆಯೂ ತಂಪಾಗದು. ತನ್ನೂರಿನ ಗಾಳಿಯನ್ನೂ ಮಣ್ಣನ್ನೂ ಬಲ್ಲವರಿಗಷ್ಟೇ ಹೊಳೆಯಬಹುದಾದ ಉಪಾಯವಿದು.

ವರ್ಷಕ್ಕೊಮ್ಮೆ ಬೇಕಾಗುವ ಡ್ರಿಲ್, ಏಣಿಗಳನ್ನು ನಾನು ಈಗ ಕೇಳಿ ತರುತ್ತೇನೆ. ಅಮೆರಿಕದ ಬರ್ಕ್ಲಿ ಊರಿನ ಸಾರ್ವಜನಿಕ ಗ್ರಂಥಾಲಯ 1979ರಿಂದಲೂ ಪುಸ್ತಕದ ಹಾಗೆಯೇ ಉಪಕರಣಗಳನ್ನೂ ಎರವಲು ಕೊಡುತ್ತಿದೆ. ಕೇಳಲು ಮೊದಮೊದಲು ಸಂಕೋಚವಾಗುತ್ತಿತ್ತು. ಆದರೆ ಕೊಟ್ಟವರ ಮುಖದಲ್ಲಿ ಸಂತೋಷ ಕಂಡಿದ್ದೇನೆ.

ಒಂಬತ್ತು ಚೀಲಗಳಲ್ಲಿ ಆರನ್ನು ಬೇಕಾದವರಿಗೆ ಹಂಚಿದೆ. ಉಳಿದ ಮೂರರಲ್ಲಿ ಒಂದರ ಒಳಮಗ್ಗುಲಿಗೆ ಹತ್ತು ಬಾರಿ ಬಳಸಿದಾಗಲೆಲ್ಲ ಕೆಂಪು ದಾರದಿಂದ ಒಂದು ಹೊಲಿಗೆ ಹಾಕುತ್ತಿದ್ದೇನೆ. ಹೋದ ವಾರ ಅದರ ಹಿಡಿಕೆ ಕಿತ್ತು ಹೋಯಿತು. ಅದೇ ಕೆಂಪು ದಾರದಲ್ಲಿ ಎರಡು ಸುತ್ತು ಹೊಲಿದು ಮತ್ತೆ ಮೊಳೆಗೆ ತೂಗುಹಾಕಿದ್ದೇನೆ. ನಿನ್ನೆಗೆ ಒಳಗೆ ಹನ್ನೊಂದು ಹೊಲಿಗೆಗಳಾದವು. ಇನ್ನು ಇಪ್ಪತ್ತೊಂದು ಸಲ ಹೊರಗೆ ಹೋಗಿ ಬಂದರೆ 131.