ಸ್ಪಷ್ಟನೆ: ಬಕ್ನರ್ ಒಬ್ಬರಿಂದಲೇ ಸೋಲು ಬರಲಿಲ್ಲ

ಬೇಸ್‌ಬಾಲ್‌ನ ನಗೆಪಾಟಲಿನ ಎಡವಟ್ಟುಗಳೆಂದು ಹರಿದಾಡುವ ವಿಡಿಯೊಗಳಲ್ಲಿ ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ತಂಡದ ಆಟಗಾರ ಬಿಲ್ ಬಕ್ನರ್ ಅವರ ದೃಶ್ಯ ತಪ್ಪದೇ ಇರುತ್ತದೆ. ನೆಲದ ಮೇಲೆ ಪುಟಿಯುತ್ತಾ ಬಂದ ಚೆಂಡು, ಬಗ್ಗಿದ ಅವರ ಕೈಗವಸಿನ ಪಕ್ಕದಲ್ಲೇ ಜಾರಿ ಕಾಲುಗಳ ನಡುವೆ ನುಸುಳಿಹೋಗುತ್ತದೆ. ‘ಗೆದ್ದಿದ್ದ ವಿಶ್ವ ಸರಣಿಯನ್ನು ಬಾಸ್ಟನ್ ರೆಡ್ ಸಾಕ್ಸ್ ಕಳೆದುಕೊಂಡದ್ದು ಈ ಒಂದು ಚೆಂಡಿನಿಂದ’ ಎಂಬ ಒಕ್ಕಣೆ ಜೊತೆಗಿರುತ್ತದೆ. ಇದು ತಪ್ಪು.

ಅದು 1986ರ ಅಕ್ಟೋಬರ್ 25ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ವಿರುದ್ಧ ನಡೆದ ಸರಣಿಯ ಆರನೇ ಪಂದ್ಯ. ಹತ್ತನೇ ಇನಿಂಗ್ಸ್‌ನಲ್ಲಿ 5–3ರಿಂದ ಮುಂದಿದ್ದ ಬಾಸ್ಟನ್‌ಗೆ ಸರಣಿ ಗೆಲ್ಲಲು ಬೇಕಿದ್ದದ್ದು ಇನ್ನೊಂದೇ ಔಟ್. ಆದರೆ ಮೆಟ್ಸ್ ಸಾಲಾಗಿ ಮೂರು ಸಿಂಗಲ್ (ಹೊಡೆದವರು ಮೊದಲ ಬೇಸ್ ತಲುಪುವ ಹೊಡೆತ) ಹೊಡೆದು ಒಂದು ರನ್ ಗಳಿಸಿತು. ಆಮೇಲೆ ಬಾಸ್ಟನ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಬಾಬ್ ಸ್ಟ್ಯಾನ್ಲಿ ಎಸೆದ ಚೆಂಡು ದಿಕ್ಕು ತಪ್ಪಿ ಕ್ಯಾಚರ್ ಕೈಗೆ ಸಿಗದೆ ಹಿಂದಕ್ಕೋಡಿ, ಮೆಟ್ಸ್‌ಗೆ ಇನ್ನೊಂದು ರನ್ ಸಿಕ್ಕಿ ಸ್ಕೋರ್ 5–5 ಆಯಿತು. ಮುನ್ನಡೆ ಕೈತಪ್ಪಿದ್ದು ಅಲ್ಲಿ! ಮೆಟ್ಸ್‌ನ ಮೂಕಿ ವಿಲ್ಸನ್ ಹೊಡೆದ ಚೆಂಡು ಬಕ್ನರ್ ಕಡೆಗೆ ಬಂದದ್ದೇ ಅದರ ನಂತರ; ಅದು ನುಸುಳಿಹೋದಾಗ ಮೆಟ್ಸ್ ಗೆಲುವಿನ ರನ್ ಗಳಿಸಿತು. ಅವರು ಅದನ್ನು ಹಿಡಿದು ಔಟ್ ಮಾಡಿದ್ದರೂ ಆಟ ಹನ್ನೊಂದನೇ ಇನಿಂಗ್ಸ್‌ಗೆ ಹೋಗುತ್ತಿತ್ತು, ಅಷ್ಟೆ.

ಸರಣಿಯೂ ಅಂದು ಮುಗಿಯಲಿಲ್ಲ. ಅಕ್ಟೋಬರ್ 27ರ ಏಳನೇ ಪಂದ್ಯದಲ್ಲಿ 3–0ರಿಂದ ಮುಂದಿದ್ದ ಬಾಸ್ಟನ್ 8–5ರಿಂದ ಸೋತಿತು. ನೋಯುವ ಕಣಕಾಲುಗಳಲ್ಲೇ ಆ ಸರಣಿ ಆಡಿದ ಬಕ್ನರ್, ತಂಡದ ಸೋಲನ್ನೆಲ್ಲ ವರ್ಷಗಟ್ಟಲೆ ಒಬ್ಬರೇ ಹೊತ್ತರು. 2008ರಲ್ಲಿ ಬಾಸ್ಟನ್‌ನ ತವರು ಮೈದಾನ ಫೆನ್ವೇ ಪಾರ್ಕ್‌ನಲ್ಲಿ ಗೌರವಾರ್ಥವಾಗಿ ಮೊದಲ ಚೆಂಡೆಸೆಯಲು ಬಂದಾಗ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಬಕ್ನರ್ ಕಣ್ಣೊರೆಸಿಕೊಂಡ ಆ ದೃಶ್ಯವನ್ನೂ ದಯವಿಟ್ಟು ಹಂಚಿಕೊಳ್ಳಿ.