ಕಿತ್ತ ಕಳೆ ಏರಿ ಮೇಲೇ ಕೊಳೆಯೋದಾದ್ರೆ ಕೀಳೋದ್ಯಾಕೆ?

ಜೆಸಿಬಿ ತರೋದು, ಕೆರೆ, ಕುಂಟೆ ನೀರಿನ ಮೇಲೆ ಹಬ್ಬಿರೋ ಅಂತರಗಂಗೆ ಕಳೆ ಬಾಚಿ ಏರಿ ಮೇಲೆ ಸುರಿಯೋದು, ಫೋಟೊ ತೆಗೆಸ್ಕೊಂಡು ಬಿಲ್ ಬರೆಯೋದು. ಬೆಂಗಳೂರಿನ ಇನ್ನೆಷ್ಟು ಕುಂಟೆಗಳಲ್ಲಿ ಇದೇ ಗೋಳು ನೋಡಬೇಕು! ಆ ನೇರಳೆ ಹೂವಿನ ಕಳೆಯಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ. ಜೊತೆಗೆ ಕೊಳಚೆಯಿಂದ ಹೀರಿದ ಸಾರಜನಕ, ರಂಜಕ. ಏರಿ ಮೇಲೆ ಕೊಳೆತರೆ ಒಂದು ಮಳೆಗೆ ಆ ಕಪ್ಪು ರಸವೆಲ್ಲ ವಾಪಸ್ ನೀರಿಗೇ.

ಬಕೆಟ್ ಹಾಕಿ ಎಳೆದಾಗ ಗಿಡದಿಂದ ಗಿಡಕ್ಕೆ ಹಬ್ಬಿರೋ ಬಳ್ಳಿ ತುಂಡಾಗುತ್ತೆ. ಚಿಗುರಿರೋ ಒಂದು ತುಂಡು ಉಳಿದರೆ ಸಾಕು, ಕೊಳಚೆ ನೀರಲ್ಲಿ ಎರಡು ವಾರಕ್ಕೆ ಇಮ್ಮಡಿ. ಹೂ ಬಿಟ್ಟ ಮೇಲೆ ಬಂದರಂತೂ ಬೀಜ ಆಗಲೇ ಹೂಳು ಸೇರಿರುತ್ತೆ, ವರ್ಷಗಟ್ಟಲೆ ಸಾಯಲ್ಲ.

ಸರಿಯಾಗಿ ಮಾಡೋದೇನು ಬ್ರಹ್ಮವಿದ್ಯೆ ಅಲ್ಲ. ಗಾಳಿ ಯಾವ ದಡಕ್ಕೆ ತಳ್ಳಿ ಗುಡ್ಡೆ ಹಾಕುತ್ತೋ ಅಲ್ಲಿಂದ ಶುರು ಮಾಡಿ. ಖಾಲಿ ಕ್ಯಾನ್ ಕಟ್ಟಿದ ಹಗ್ಗ ಅಡ್ಡ ಬಿಟ್ಟು, ಮಿಕ್ಕಿದ್ದು ಹರಡದ ಹಾಗೆ ತಡೆದು, ಬೇರು ಸಮೇತ ಕೈಯಲ್ಲಿ ಎಳೀಬೇಕು. ಏರಿಯ ಹೊರಮಗ್ಗುಲಲ್ಲಿ ಎರಡು ದಿನ ಬಸಿಯಲು ಬಿಟ್ಟರೆ ತೂಕ ಇಳಿಯುತ್ತೆ, ಟ್ರ್ಯಾಕ್ಟರ್ ಟ್ರಿಪ್ಪೂ ಉಳಿಯುತ್ತೆ. ಗೊಬ್ಬರ ಮಾಡಿದರೂ ಸೊಪ್ಪಿನ ಮಡಿಗೆ ಹಾಕಬೇಡಿ, ಸೀಸ, ಕ್ಯಾಡ್ಮಿಯಂ ಇದ್ದ ನೀರಾದರೆ ಅದನ್ನೂ ಈ ಗಿಡ ಹೀರಿರುತ್ತೆ. ಆಮೇಲೆ ವಾರಕ್ಕೊಂದು ಸಲ ಮರಿ ಗಿಡ ಆರಿಸಬೇಕು. ಆ ಕೂಲಿಯನ್ನ ಟೆಂಡರಲ್ಲಿ ಯಾಕೆ ಬರೆಯಲ್ಲ?

ಈ ಕಳೆಯ ಮೂಲ ಇರೋದು ಮಳೆನೀರಿನ ಜೊತೆ ಕೊಳಚೆಯನ್ನೂ ತರೋ ರಾಜಕಾಲುವೆಯಲ್ಲಿ. ನೀರು ಒಳಗೆ ಬರೋ ಬಾಯಲ್ಲಿ ಸಣ್ಣ ಅಡ್ಡಗಟ್ಟೆ ಕಟ್ಟಿ, ದಿನಾ ಹರಿಯೋ ಕೊಳಚೆಯನ್ನ ಬದಿಯ ಪೈಪಿಗೆ ತಿರುಗಿಸಿ, ಮಳೆ ಜೋರಾದಾಗ ಮಾತ್ರ ನೀರು ಗಟ್ಟೆ ಹತ್ತಿ ಒಳಗೆ ಬರೋ ಹಾಗೆ ಮಾಡಬೇಕು. ಅದು ಬಿಟ್ಟು ಮೇಲಿನ ಹಸಿರು ಬಾಚಿ ಏನು ಬಂತು? ಕಸ ತಡೆಯೋಕೆ ಕಾಲುವೆಗೆ ಕಬ್ಬಿಣದ ಜಾಲರಿ ಹಾಕ್ತಾರೆ, ಬಿಡಿಸೋಕೆ ಆಳಿಲ್ಲ. ಹಾಲಿನ ಕವರು ಕಟ್ಕೊಂಡು ನೀರು ರಸ್ತೆಗೆ ಉಕ್ಕಿದಾಗ ಯಾರೋ ಜಾಲರಿಯನ್ನೇ ಕಿತ್ತೆಸೀತಾರೆ. ಬೇಸಿಗೆಯ ಮೊದಲ ಮಳೆಗೆ ಕಾಲುವೆ ತಳದ ಕೊಳೆಯೆಲ್ಲ ಒಂದೇ ಏಟಿಗೆ ಒಳಗೆ! ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ಒದ್ದಾಡ್ತವೆ, ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕಾದ ಆಮ್ಲಜನಕ ಇರಲ್ಲ. ಆಮೇಲೆ ಯಾರೋ ವಿಷ ಹಾಕಿದಾರೆ ಅನ್ನೋ ಮಾತು. ವಿಷ ಅಲ್ಲ ಸ್ವಾಮಿ, ಉಸಿರು ಕಟ್ಟಿ ಸತ್ತಿರೋದು.

ಜಕ್ಕೂರಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನೂ ಜೊಂಡಿನ ಜೌಗು ದಾಟಿಸಿಯೇ ಕೆರೆಗೆ ಬಿಡ್ತಾರೆ. ನಮ್ಮ ಕುಂಟೆಗಳಲ್ಲಿ ನೋಡಿದರೆ ಅಂಚಿನ ಜೊಂಡನ್ನೇ ಕಿತ್ತು ಕಲ್ಲು ಜೋಡಿಸಿ ವಾಕಿಂಗ್ ಪಾತ್, ಹೆಬ್ಬಾಗಿಲಿಗೊಂದು ಕಮಾನು.

ಏರಿ ಮೇಲಿನ ರಾಶಿಯನ್ನ ಮುಂಗಾರಿಗೆ ಮುಂಚೆ ಎತ್ತಿಸಿ. ಎತ್ತೋ ತನಕ ಬಿಲ್ ಪಾಸ್ ಮಾಡಬೇಡಿ.